ಜಾಗತಿಕ ಇತಿಹಾಸದ ಸೆಮಿನಾರ್‌ನಲ್ಲಿ ಧಾರವಾಡದ ಹತ್ತಿ ಬಗ್ಗೆ ಮಾತಾಡಬಹುದಾ?

ಮುಂಬೈಯಲ್ಲಿ ಎಂ.ಎ. ಓದುತ್ತಿದ್ದೀರಿ, ಸೆಮಿನಾರ್‌ಗೆ ಇದು ತೀರಾ ಊರ ಮಟ್ಟದ ವಿಷಯ ಆಗುತ್ತದಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಅಲ್ಲಿನ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು, ಇಂಗ್ಲೆಂಡಿನ ಲಂಕಾಶೈರ್ ಬಟ್ಟೆ ಗಿರಣಿಗಳಿಗೆ ಹತ್ತಿ ಸಿಗದಾಯಿತು, ಅವು ಭಾರತದ ಹತ್ತಿಯತ್ತ ತಿರುಗಿದವು. ಬಾಂಬೆಯಲ್ಲಿ ಹತ್ತಿ ಬೆಲೆ ಗಗನಕ್ಕೇರಿತು. ಧಾರವಾಡ ಆಗ ಬಾಂಬೆ ಪ್ರಾಂತ್ಯದಲ್ಲೇ ಇತ್ತು, ಅಲ್ವಾ? ಅಲ್ಲಿನ ಹೊಲಗಳಲ್ಲಿ ಅಮೆರಿಕದಿಂದ ತಂದ ತಳಿಯೂ ಬೆಳೆಯುತ್ತಿತ್ತು! ಇಡೀ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಇದೇ. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿ ಬೆಲೆ ಕುಸಿಯಿತು, ಬಾಂಬೆ ಷೇರುಪೇಟೆ ಮಕಾಡೆ ಮಲಗಿತು.

ಆದರೆ ಸುಮ್ನೆ ಮೂರು ದೇಶಗಳ ಹೆಸರು ಹೇಳಿದರೆ ಸಾಲದು. ಹತ್ತಿಯ ಹಿಂದೆಯೇ ಹೋಗಿ: ರೈತನ ಸಾಲ, ಘಟ್ಟ ಇಳಿಯುವ ಎತ್ತಿನ ಗಾಡಿ, ಕುಮಟಾ ಬಂದರು, ಅಲ್ಲಿಂದ ಹಡಗಿನಲ್ಲಿ ಬಾಂಬೆ. ದಾಖಲೆಗಳಿಗೆ ಮುಂಬೈಯ ಕಾಲಾಘೋಡಾದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರ ಇದೆ. ಕಂದಾಯ ಇಲಾಖೆಯ ಕಡತಗಳಿಂದ ಶುರು ಮಾಡಿ. ಒಂದೇ ಒಂದು ಪತ್ರದ ಪ್ರತಿಯನ್ನು ಎಲ್ಲರಿಗೂ ಮೊದಲೇ ಹಂಚಿಬಿಡಿ. ಸ್ಲೈಡು ಜಾಸ್ತಿ ಬೇಡ. ಅರ್ಧಂಬರ್ಧ ಕೆಲಸವಾದರೂ ಪರವಾಗಿಲ್ಲ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಅಂತ ಹೇಳಿದರೆ ಚರ್ಚೆ ಅಲ್ಲಿಂದಲೇ ಏಳುತ್ತದೆ.