ಗೆಳತಿಯ ಊರಲ್ಲಿ ಎರಡು ದಿನ

ಪ್ರಶ್ನೆ: ಮದುವೆಯಾಗಿ ಒಂದು ವರ್ಷವಾಯಿತು. ಈ ಶನಿವಾರ, ಭಾನುವಾರ ನಾನು ಮತ್ತು ನನ್ನ ಗಂಡ ಮೈಸೂರಿಗೆ, ನನ್ನ ಹಾಸ್ಟೆಲ್ ಗೆಳತಿಯ ಮನೆಗೆ ಹೋಗುತ್ತಿದ್ದೇವೆ. ಇವರಿಗೆ ಅವಳ ಪರಿಚಯವಿಲ್ಲ, ಮಾತೂ ಕಮ್ಮಿ. ಬೇಜಾರಾಗದ ಹಾಗೆ ಏನು ಮಾಡಲಿ?
– ಓದುಗರು, ಬೆಂಗಳೂರು

ಉತ್ತರ: ಮಾತು ಕಮ್ಮಿ ಇರುವವರನ್ನು ಸೋಫಾದಲ್ಲಿ ಕೂರಿಸಬೇಡಿ ತಾಯಿ, ಹೊರಗೆ ಕರೆದುಕೊಂಡು ಹೋಗಿ. ನಮ್ಮ ಯಜಮಾನರೂ ಹೀಗೇ. ನನ್ನ ಗೆಳತಿಯ ಮನೆಗೆ ಮೊದಲ ಸಲ ಹೋದಾಗ ಕಾಫಿ ಲೋಟ ತಿರುಗಿಸುತ್ತಾ ಒಂದು ಗಂಟೆ ಸುಮ್ನೆ ಕೂತಿದ್ದರು. ಮರುದಿನ ಬೆಳಗ್ಗೆ ಆರಕ್ಕೇ ಮೂವರೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆವು. ಸಾವಿರ ಮೆಟ್ಟಿಲು, ಅರ್ಧ ದಾಟುವಷ್ಟರಲ್ಲಿ ಎಲ್ಲರಿಗೂ ಏದುಸಿರು. ನಂದಿಯ ಹತ್ತಿರ ಕೂತೆವು. ಒಂದೇ ಬಂಡೆಯಲ್ಲಿ ಕಡೆದ ನಂದಿ ಅದು. ಕೊರಳಿನ ಗಂಟೆಸರವನ್ನು ಹತ್ತಿರ ನಿಂತು ನೋಡಿ, ಎಷ್ಟು ಚೆಂದ! ಗೆಳತಿ ತಂದಿದ್ದ ಸೌತೆಕಾಯಿಗೆ ಉಪ್ಪು ಖಾರ ಹಚ್ಚಿ ಹಂಚಿದವರು ಇವರೇ. ಅಲ್ಲಿಂದ ಮಾತು ನಿಲ್ಲಲೇ ಇಲ್ಲ.

ಶನಿವಾರ ಸಂಜೆ ದೇವರಾಜ ಮಾರ್ಕೆಟ್‌ಗೆ ಹೋಗಿ. ಗೆಳತಿಗೆ ಸ್ವೀಟ್ ಬಾಕ್ಸ್ ಬೇಡ, ಎರಡು ಮೊಳ ಮಲ್ಲಿಗೆ ಸಾಕು. ಹೂವನ್ನು ನಿಮ್ಮವರ ಕೈಯಲ್ಲೇ ಆರಿಸಿಸಿ.

ಭಾನುವಾರ ವಾಪಸ್ ರೈಲಿಗೆ ಅವಸರ ಬೇಡ. ಸಂಜೆ 7ಕ್ಕೆ ಅರಮನೆಯ ದೀಪ ಹತ್ತುತ್ತದೆ. ಹತ್ತು ನಿಮಿಷ ಮೊದಲೇ ಅಂಗಳದಲ್ಲಿ ನಿಂತಿರಿ. ಕತ್ತಲಲ್ಲಿದ್ದ ಗೋಪುರ ಒಮ್ಮೆಗೇ ಬೆಳಗುವುದನ್ನು ಮೂವರೂ ಒಟ್ಟಿಗೆ ನೋಡಬೇಕು.

ಇನ್ನೊಂದು ಮಾತು. ನಿಮಗೂ ಗೆಳತಿಗೂ ಒಂದು ಗಂಟೆ ಬೇರೆ ಬೇಕು, ಅಲ್ವಾ? ಹೊರಡುವ ಮೊದಲೇ ಇವರಿಗೆ ಹೇಳಿಬಿಡಿ. ಅಷ್ಟು ಹೊತ್ತು ಅವರು ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿ ಬರಲಿ.