ಅಲೆಗಳ ನಡುವೆ ಕಂದು ಕಡಲಕಳೆಯ ಸಂತಾನೋತ್ಪತ್ತಿ ಹೇಗೆ ನಡೆಯುತ್ತದೆ?

ಅಂಡಗಳನ್ನೂ ಪುರುಷಾಣುಗಳನ್ನೂ ನೇರವಾಗಿ ಕಡಲಿಗೆ ಬಿಡುವ ಕಂದು ಕಡಲಕಳೆಗಳಲ್ಲಿ, ಅಲೆಯ ಹೊಡೆತಕ್ಕೆ ಅವು ಚೆದುರಿಹೋಗದೆ ಫಲೀಕರಣ ಹೇಗಾಗುತ್ತದೆ ಎಂದು ಕೇಳಿದ್ದೀರಿ. ಇದಕ್ಕೆ ಬಹಳ ಸ್ಪಷ್ಟವಾದ ಉತ್ತರ ದೊರೆಯುವುದು ಉತ್ತರ ಅಟ್ಲಾಂಟಿಕ್ ತೀರದ ಬಂಡೆಗಳ ಮೇಲೆ ಬೆಳೆಯುವ ಫ್ಯೂಕಸ್ ಕುಲದಲ್ಲಿ: ನೀರು ಶಾಂತವಾಗುವವರೆಗೆ ಅದು ಅವುಗಳನ್ನು ಹೆಚ್ಚಾಗಿ ಬಿಡುವುದೇ ಇಲ್ಲ.

ಸಂತಾನೋತ್ಪತ್ತಿಗೆ ಅಣಿಯಾದ ಫ್ಯೂಕಸ್‌ನ ಕವಲುಗಳ ತುದಿ ಉಬ್ಬಿಕೊಂಡು ಒಳಗೆ ಲೋಳೆ ತುಂಬಿರುತ್ತದೆ. ಅದರ ಮೇಲೆ ಗುಳ್ಳೆಗಳಂತೆ ಕಾಣುವ ಒಂದೊಂದು ಚುಕ್ಕೆಯೂ ಒಳಗಿನ ಪುಟ್ಟ ಕುಳಿಯೊಂದರ ಬಾಯಿ. ಆ ಕುಳಿಗಳಲ್ಲಿ ಪ್ರತಿ ಅಂಡಕೋಶಕ್ಕೆ 8 ಅಂಡಗಳೂ ಪ್ರತಿ ಪುರುಷಾಣುಕೋಶಕ್ಕೆ 64 ಪುರುಷಾಣುಗಳೂ ಸಿದ್ಧವಾಗುತ್ತವೆ. ಅಂಡಕ್ಕೆ ಈಜು ಬಾರದು, ಅದು ಮೆಲ್ಲನೆ ತಳಕ್ಕಿಳಿಯುತ್ತದೆ. ಪುರುಷಾಣುವಾದರೋ ಬೆಳಕಿಗೆ ಬೆನ್ನು ತಿರುಗಿಸಿ ಈಜುವುದರಿಂದ ಅದೂ ತಳದತ್ತಲೇ ಬರುತ್ತದೆ. ಅಲ್ಲಿ ಅಂಡ ಸೂಸುವ ರಾಸಾಯನಿಕದ ಜಾಡು ಅದನ್ನು ಸೆಳೆಯುತ್ತದೆ. ಕದಡಿದ ನೀರಿನಲ್ಲಿ ಆ ಜಾಡು ಉಳಿಯುವುದಿಲ್ಲ.

ನೀರು ನಿಂತಿದೆಯೆಂಬುದು ಕಣ್ಣು ಕಿವಿಗಳಿಲ್ಲದ ಈ ಜೀವಿಗೆ ತಿಳಿಯುವ ಬಗೆಯೇ ನನಗೆ ಎಲ್ಲಕ್ಕಿಂತ ಸ್ವಾರಸ್ಯಕರ. ಹಗಲಿನಲ್ಲಿ ಅದು ದ್ಯುತಿಸಂಶ್ಲೇಷಣೆಗೆ ಬೇಕಾದ ಇಂಗಾಲವನ್ನು ತನ್ನ ಮೈಗೆ ಅಂಟಿದಂತಿರುವ ತೆಳುವಾದ ನೀರಿನ ಪದರದ ಮೂಲಕ ಪಡೆಯುತ್ತದೆ. ಅಲೆಗಳಿದ್ದಾಗ ಆ ಪದರ ಇನ್ನಷ್ಟು ತೆಳುವಾಗಿ ಹೊಸ ಇಂಗಾಲ ಬರುತ್ತಲೇ ಇರುತ್ತದೆ. ನೀರು ನಿಂತರೆ ಪದರ ದಪ್ಪಗಾಗಿ, ಬಳಸಿದಷ್ಟು ಬೇಗ ಇಂಗಾಲ ತುಂಬಿಬರದೆ ಕೊರತೆಯುಂಟಾಗುತ್ತದೆ, ಮತ್ತು ಆ ಕೊರತೆಯೇ ಬಿಡುಗಡೆಗೆ ಸೂಚನೆಯಾಗುತ್ತದೆ. 1990ರ ದಶಕದ ಪ್ರಯೋಗಗಳಲ್ಲಿ, ಅಲುಗಾಡಿಸುತ್ತಿದ್ದ ನೀರಿನಲ್ಲಿ ಬಿಡುಗಡೆ ಕುಗ್ಗಿತು. ದ್ಯುತಿಸಂಶ್ಲೇಷಣೆಯನ್ನು ತಡೆಯುವ ರಾಸಾಯನಿಕವನ್ನು ಸೇರಿಸಿದಾಗ ನಿಂತ ನೀರಿನಲ್ಲೂ ಅದು ಕುಂಠಿತವಾಯಿತು. ಇದನ್ನು ಜಾಣತನವೆಂದು ಕರೆಯಲು ನನಗೆ ಮನಸ್ಸಿಲ್ಲ, ಆದರೆ ಫಲಿತಾಂಶ ಜಾಣತನದ್ದೇ: ಕಡಲತೀರದಲ್ಲೇ ನಡೆಸಿದ ಅಧ್ಯಯನಗಳಲ್ಲಿ ಬಿಡುಗಡೆಯಾದ ಅಂಡಗಳ ಪೈಕಿ ಹೆಚ್ಚುಕಡಿಮೆ ಎಲ್ಲವೂ ಫಲಿತಗೊಂಡಿದ್ದವು. ಫಲಿತ ಅಂಡ ಬಂಡೆಗೆ ಗಟ್ಟಿಯಾಗಿ ಅಂಟಿಕೊಳ್ಳಲು ಕೆಲವು ಗಂಟೆಗಳು ಬೇಕಾಗುವುದರಿಂದ, ಶಾಂತ ನೀರಿನ ಉಪಕಾರ ಫಲೀಕರಣದ ನಂತರವೂ ಮುಂದುವರಿಯುತ್ತದೆ.

ಎಲ್ಲ ಕಂದು ಕಡಲಕಳೆಗಳಿಗೂ ಇದನ್ನೇ ಅನ್ವಯಿಸಬೇಡಿ. ಕೆಲ್ಪ್ ಎಂಬ ದೊಡ್ಡ ಗಾತ್ರದ ಕಂದು ಕಡಲಕಳೆಗಳು ಬಿಡುವ ಚಲನಶೀಲ ಬೀಜಾಣುಗಳನ್ನು ದೂರಕ್ಕೆ ಒಯ್ಯುವುದು ಪ್ರವಾಹವೇ. ಆದರೆ ಅವುಗಳಿಂದ ಬೆಳೆಯುವ ಸೂಕ್ಷ್ಮ ಗಂಡು ಹೆಣ್ಣು ಸಸಿಗಳು ಪರಸ್ಪರ ಸುಮಾರು 1 ಮಿಲಿಮೀಟರ್ ಅಂತರದೊಳಗೆ ನೆಲೆಯಾಗದಿದ್ದರೆ ಫಲೀಕರಣದ ಸಾಧ್ಯತೆ ತೀರಾ ಕಡಿಮೆ. ಹಾಗಾಗಿ ಬೀಜಾಣುಗಳನ್ನು ಹರಡುವ ಅದೇ ಪ್ರವಾಹ, ಅತಿಯಾದಾಗ ಜೋಡಿಗಳನ್ನು ದೂರ ಮಾಡಿಬಿಡುತ್ತದೆ.