ತಂಬೂರಿಯ ನಾದ ಒಡೆಯುವುದೇಕೆ? ಇಂಟರ್‌ನೆಟ್ ರೇಡಿಯೋ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸಂಜೆಯ ಹೊತ್ತು ಮೊಬೈಲ್‌ನಲ್ಲಿ ಇಂಟರ್‌ನೆಟ್ ರೇಡಿಯೋ ಹಾಕಿಕೊಂಡು ಸಂಗೀತ ಕಚೇರಿಗಳನ್ನು ಕೇಳುತ್ತೇನೆ. ವಾರ್ತೆ, ಭಾಷಣಗಳು ಸ್ಪಷ್ಟವಾಗಿಯೇ ಕೇಳಿಸುತ್ತವೆ. ಆದರೆ ಸಂಗೀತ ಆರಂಭವಾದೊಡನೆ ತಂಬೂರಿಯ ನಾದ ನೀರಿನೊಳಗಿಂದ ಬಂದಂತೆ ಒಡೆದು ಕೇಳಿಸುತ್ತದೆ. ಚಪ್ಪಾಳೆಯಂತೂ ಬರೀ ಗೊರಗೊರ ಸದ್ದು. ದುಬಾರಿ ಇಯರ್‌ಫೋನ್ ಕೊಂಡರೂ ಪ್ರಯೋಜನವಾಗಲಿಲ್ಲ. ಹಣ ಕೊಟ್ಟು ಕೊಳ್ಳುವ ಆ್ಯಪ್ ಬಳಸಿದರೆ ಧ್ವನಿ ಸುಧಾರಿಸುವುದೇ?
— ಓದುಗರು, ಸಾಗರ

ಉತ್ತರ: ಸುಧಾರಿಸುವುದಿಲ್ಲ. ಬಾನುಲಿ ನಿಲಯ ಯಾವ ಗುಣಮಟ್ಟದಲ್ಲಿ ಧ್ವನಿಯನ್ನು ಕಳುಹಿಸುತ್ತದೆಯೋ ಅದನ್ನು ಬಿಡಿಸಿ ಕೇಳಿಸುವುದಷ್ಟೇ ಆ್ಯಪ್‌ನ ಕೆಲಸ. ಕಳುಹಿಸುವ ಮೊದಲೇ ಕಳೆದುಹೋದದ್ದನ್ನು ಮರಳಿ ತರುವ ಶಕ್ತಿ ಯಾವ ಆ್ಯಪ್‌ಗೂ ಇಲ್ಲ, ಯಾವ ಇಯರ್‌ಫೋನ್‌ಗೂ ಇಲ್ಲ.

ಸಿ.ಡಿ.ಯಲ್ಲಿರುವ ಸಂಗೀತಕ್ಕೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ದತ್ತಾಂಶ ಬೇಕಾಗುತ್ತದೆ. ಅನೇಕ ನಿಲಯಗಳು ಕಳುಹಿಸುವುದು 128 ಅಥವಾ 64 ಕಿಲೋಬಿಟ್. ಕೆಲವು ಅದಕ್ಕಿಂತಲೂ ಕಡಿಮೆ. ಕಿವಿ ಗಮನಿಸಲಾರದೆಂದು ಎಣಿಸಿದ ಅಂಶಗಳನ್ನು ಕೈಬಿಟ್ಟು ಉಳಿದದ್ದನ್ನು ಹಿಡಿದಿಡುವ ಈ ಕೆಲಸವನ್ನು ಎಂಪಿ3, ಎಎಸಿ ಮುಂತಾದ ಕೋಡೆಕ್‌ಗಳು ಮಾಡುತ್ತವೆ. ಮಾತಿನಲ್ಲಿ ಪದಪದಗಳ ನಡುವೆ ಬಿಡುವಿರುತ್ತದೆ, ಮುಖ್ಯ ಅಂಶಗಳೂ ಕಡಿಮೆ. ಹೀಗಾಗಿ ವಾರ್ತೆ 32 ಕಿಲೋಬಿಟ್‌ನಲ್ಲಿಯೂ ಅರ್ಥವಾಗುವಂತೆ ಉಳಿಯುತ್ತದೆ. ತಂಬೂರಿಯ ವಿಷಯ ಬೇರೆ. ತಂತಿಗಳನ್ನು ಹೊತ್ತಿರುವ ಕುದುರೆಯ (ಬ್ರಿಡ್ಜ್) ಮೇಲೆ ತಂತಿಯ ಅಡಿಗೆ ಇಡುವ ನೂಲಿನ ಎಳೆಯಿಂದಾಗಿ ಪ್ರತಿ ಮೀಟಿನಲ್ಲೂ ಹತ್ತಾರು ಉಪಸ್ವರಗಳು ಮೇಲೆದ್ದು, ಒಂದರ ಹಿಂದೊಂದು ಏರಿಳಿಯುತ್ತಾ, ಹಿಂದಿನ ತಂತಿಯ ನಾದ ಅಡಗುವ ಮೊದಲೇ ಮುಂದಿನದರ ಜೊತೆ ಬೆರೆಯುತ್ತವೆ. ಸೆಕೆಂಡಿನ ಸಣ್ಣ ಸಣ್ಣ ತುಣುಕುಗಳಲ್ಲಿ ಲೆಕ್ಕ ಹಾಕುವ ಕೋಡೆಕ್‌ಗೆ ಇವೆಲ್ಲವನ್ನೂ ಹಿಡಿದಿಡುವಷ್ಟು ಬಿಟ್‌ಗಳು ದೊರೆಯುವುದಿಲ್ಲ; ಒಂದು ತುಣುಕಿನಲ್ಲಿ ಉಳಿಸಿಕೊಂಡ ಉಪಸ್ವರವನ್ನು ಮುಂದಿನ ತುಣುಕಿನಲ್ಲಿ ಬಿಟ್ಟುಬಿಡುತ್ತದೆ. ಹೀಗೆ ಬಂದು ಹೋಗುವ ಉಪಸ್ವರಗಳೇ ನಿಮಗೆ ಒಡೆದ ನಾದವಾಗಿ ಕೇಳಿಸುತ್ತಿವೆ. ಚಪ್ಪಾಳೆಯೂ ಕೋಡೆಕ್‌ಗೆ ಕಠಿಣವೇ, ಏಕೆಂದರೆ ಒಂದಕ್ಕೊಂದು ಸಂಬಂಧವಿಲ್ಲದ ನೂರಾರು ಚುರುಕು ಸದ್ದುಗಳು ಒಟ್ಟಿಗೆ ಬರುತ್ತವೆ.

ಬಿಟ್‌ಗಳ ಸಂಖ್ಯೆಯನ್ನು ಮಾತ್ರ ನೋಡಿ ಗುಣಮಟ್ಟವನ್ನು ನಿರ್ಧರಿಸಬಾರದು. 64 ಕಿಲೋಬಿಟ್‌ನ ಎಂಪಿ3 ಸಂಗೀತಕ್ಕೆ ಸಾಲದು. ಅಷ್ಟೇ ಬಿಟ್‌ಗಳ ಎಚ್‌ಇ-ಎಎಸಿ (ಕಡಿಮೆ ಬಿಟ್‌ಗಳಿಗೆಂದೇ ರೂಪಿಸಿದ ಎಎಸಿ) ಸಾಕಷ್ಟು ಸಹ್ಯ, ಆದರೆ ಅದು ಮೇಲಿನ ಆವರ್ತನಗಳನ್ನು ನೇರವಾಗಿ ಕಳುಹಿಸದೆ ಕೆಳಗಿನವುಗಳ ಆಧಾರದ ಮೇಲೆ ಮರುರಚಿಸುವುದರಿಂದ ತಾಳದ ಕಿಣಿಯಲ್ಲಿ, ತಂಬೂರಿಯ ಮೇಲಂಚಿನಲ್ಲಿ ಒರಟುತನ ಉಳಿಯುತ್ತದೆ. 128 ಕಿಲೋಬಿಟ್‌ನ ಎಎಸಿ ಅಥವಾ 2012ರಲ್ಲಿ ಮಾನಕವಾದ ಓಪಸ್ ಎಂಬ ಕೋಡೆಕ್ ದೊರೆತರೆ ಕಚೇರಿಯನ್ನು ನೆಮ್ಮದಿಯಿಂದ ಕೇಳಬಹುದು. ನಿಮ್ಮ ನಿಲಯ ಏನು ಕಳುಹಿಸುತ್ತಿದೆ ಎಂದು ತಿಳಿಯಲು ಅದರ ಸ್ಟ್ರೀಮ್ (ಇಂಟರ್‌ನೆಟ್‌ನಲ್ಲಿ ಹರಿದುಬರುವ ಧ್ವನಿ) ವಿಳಾಸವನ್ನು ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್‌ನಲ್ಲಿ ತೆರೆದು, ಟೂಲ್ಸ್ ಪಟ್ಟಿಯ ಕೋಡೆಕ್ ಇನ್ಫರ್ಮೇಶನ್ ನೋಡಿ. ರೇಡಿಯೋ ಬ್ರೌಸರ್ ಎಂಬ ಸಾರ್ವಜನಿಕ ಪಟ್ಟಿಯಲ್ಲಿಯೂ ಅನೇಕ ನಿಲಯಗಳ ಹೆಸರಿನ ಜೊತೆಗೆ ಕೋಡೆಕ್ ಮತ್ತು ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಕಿಲೋಬಿಟ್ ಎಂಬುದು) ನಮೂದಾಗಿರುತ್ತವೆ. ಒಂದೇ ನಿಲಯಕ್ಕೆ ಎರಡು ಸ್ಟ್ರೀಮ್‌ಗಳಿದ್ದಾಗ ಕೆಲವು ಆ್ಯಪ್‌ಗಳು ಕೆಳದರ್ಜೆಯದನ್ನೇ ಹಿಡಿದುಕೊಂಡಿರುವುದುಂಟು. ಆ್ಯಪ್ ಬದಲಿಸಿದ್ದರಿಂದ ಧ್ವನಿ ಉತ್ತಮವಾಯಿತು ಎನ್ನುವವರ ಅನುಭವಕ್ಕೆ ಬಹುಪಾಲು ಇದೇ ಕಾರಣ.

ನಿಮ್ಮ ಇಯರ್‌ಫೋನ್ ಬ್ಲೂಟೂತ್‌ನದಾಗಿದ್ದರೆ ಇನ್ನೊಂದು ಪರೀಕ್ಷೆ ಮಾಡಿ. ನಿಲಯದಲ್ಲಿ ಒಮ್ಮೆ ಸಂಕುಚಿತಗೊಂಡ ಧ್ವನಿಯನ್ನು ಫೋನು ಬಿಡಿಸಿ, ಬ್ಲೂಟೂತ್‌ಗಾಗಿ ಮತ್ತೊಮ್ಮೆ ಸಂಕುಚಿತಗೊಳಿಸುತ್ತದೆ. ಮೊದಲೇ ಬಡವಾದ ಧ್ವನಿಗೆ ಈ ಎರಡನೆಯ ಸಂಕೋಚನ ಸಣ್ಣ ಪೆಟ್ಟಲ್ಲ. ಸಾಧಾರಣ ತಂತಿಯ ಇಯರ್‌ಫೋನ್ ಹಾಕಿ ಅದೇ ಕಾರ್ಯಕ್ರಮವನ್ನು ಕೇಳಿ ಹೋಲಿಸಿದರೆ ದೋಷದಲ್ಲಿ ಬ್ಲೂಟೂತ್‌ನ ಪಾಲೆಷ್ಟೆಂದು ತಿಳಿಯುತ್ತದೆ. ಈಕ್ವಲೈಜರ್, ಬಾಸ್ ಬೂಸ್ಟ್‌ಗಳನ್ನು ಸಂಪೂರ್ಣ ನಿಲ್ಲಿಸಿ.

ಇಷ್ಟೆಲ್ಲ ಮಾಡಿದ ಮೇಲೂ ನಾದ ಒಡೆಯುತ್ತಿದ್ದರೆ ನಿಲಯಕ್ಕೆ ಪತ್ರ ಬರೆಯಿರಿ. ಯಾವ ದಿನ, ಯಾವ ಹೊತ್ತು, ಯಾವ ವಾದ್ಯದ ಧ್ವನಿ ಕೆಟ್ಟಿತು, ಕೋಡೆಕ್ ಯಾವುದು, ಬಿಟ್‌ರೇಟ್ ಎಷ್ಟು ಎಂಬುದನ್ನು ತಪ್ಪದೆ ತಿಳಿಸಿ. ಶಾಸ್ತ್ರೀಯ ಸಂಗೀತಕ್ಕೆಂದೇ ಮೀಸಲಾದ ಸ್ಟ್ರೀಮ್ ವಾರ್ತೆಯ ಸ್ಟ್ರೀಮ್‌ಗಿಂತ ಹೆಚ್ಚು ಬಿಟ್‌ಗಳನ್ನು ಪಡೆಯಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೇಳುಗರು ಕೇಳದಿದ್ದರೆ ಅದು ಆಗುವ ಸಂಭವ ಕಡಿಮೆ. ಬೆಂಗಳೂರಿನ ಓದುಗರಿಗೆ ಒಂದು ಮಾತು: ಎಫ್‌ಎಂ 15,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಹೊತ್ತು ತರಬಲ್ಲದು, ಆದ್ದರಿಂದ ಒಳ್ಳೆಯ ರೇಡಿಯೋ ಸೆಟ್ ಇದ್ದರೆ ಆಕಾಶವಾಣಿಯ ಶಾಸ್ತ್ರೀಯ ಸಂಗೀತ ವಾಹಿನಿ ಅಮೃತವರ್ಷಿಣಿಯನ್ನು ಎಫ್‌ಎಂ 100.1ರಲ್ಲಿಯೇ ಕೇಳಿ ನೋಡಿ.

ಪ್ರಶ್ನೆ: ಫೋನಿನ ರೇಡಿಯೋದಲ್ಲಿ ವಾರ್ತೆ ಆರಂಭವಾಗುವಾಗ ಪಕ್ಕದ ಮನೆಯ ರೇಡಿಯೋದಲ್ಲಿ ಮುಖ್ಯಾಂಶಗಳೇ ಮುಗಿದಿರುತ್ತವೆ. ಪರದೆ ಆರಿದ ಸ್ವಲ್ಪ ಹೊತ್ತಿಗೆ ಧ್ವನಿಯೂ ನಿಂತುಬಿಡುತ್ತದೆ. ಡೇಟಾ ಎಷ್ಟು ಖರ್ಚಾಗುತ್ತದೆ?
— ಓದುಗರು, ಹೊನ್ನಾವರ

ಉತ್ತರ: ತಡವಾಗುವುದು ದೋಷವಲ್ಲ. ಅನೇಕ ಸ್ಟ್ರೀಮ್‌ಗಳು ಕಾರ್ಯಕ್ರಮವನ್ನು ಆರರಿಂದ ಹತ್ತು ಸೆಕೆಂಡುಗಳ ತುಂಡುಗಳಾಗಿ ಕಳುಹಿಸುತ್ತವೆ. ಸಿಗ್ನಲ್ ತಪ್ಪಿದಾಗ ಧ್ವನಿ ಕಡಿಯಬಾರದೆಂದು ಆ್ಯಪ್ ಕೆಲವು ತುಂಡುಗಳನ್ನು ಮೊದಲೇ ಕೂಡಿಟ್ಟುಕೊಂಡು ನುಡಿಸುವುದರಿಂದ ಅರ್ಧ ನಿಮಿಷದಷ್ಟು ಹಿಂದೆ ಬೀಳುವುದು ಸಹಜ. ಈ ಸಂಗ್ರಹವನ್ನು ಬಫರ್ ಎನ್ನುತ್ತಾರೆ. ಸಿಗ್ನಲ್ ದುರ್ಬಲವಾಗಿರುವ ಊರುಗಳಲ್ಲಿ ಅದನ್ನು ಹೆಚ್ಚಿಸುವ ಅವಕಾಶವಿರುವ ಆ್ಯಪ್ ಆರಿಸಿಕೊಳ್ಳಿ, ಆದರೆ ರೇಡಿಯೋದ ಸಮಯಸೂಚಕ ಸದ್ದಿಗೆ ಗಡಿಯಾರ ಸರಿಪಡಿಸುವ ಅಭ್ಯಾಸವಿದ್ದರೆ ಫೋನಿನ ಸ್ಟ್ರೀಮ್ ಅದಕ್ಕೆ ಒದಗುವುದಿಲ್ಲ. ಪರದೆ ಆರಿದಾಗ ಧ್ವನಿ ನಿಲ್ಲುವುದಕ್ಕೆ ಸಾಮಾನ್ಯವಾಗಿ ಆಂಡ್ರಾಯ್ಡ್‌ನ ಬ್ಯಾಟರಿ ಉಳಿತಾಯ ವ್ಯವಸ್ಥೆ ಕಾರಣ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಮಾತ್ರ ಬ್ಯಾಟರಿ ನಿರ್ಬಂಧವನ್ನು ತೆಗೆದುಹಾಕಿ. ಖರ್ಚು ಹೆಚ್ಚೇನಲ್ಲ: 64 ಕಿಲೋಬಿಟ್‌ನ ಸ್ಟ್ರೀಮ್‌ಗೆ ಗಂಟೆಗೆ ಸುಮಾರು 29 ಎಂಬಿ, 128ಕ್ಕೆ 58 ಎಂಬಿ.

ಪ್ರಶ್ನೆ: ಮಗಳು ಮಸ್ಕತ್‌ನಲ್ಲಿದ್ದಾಳೆ. ಧಾರವಾಡ ಆಕಾಶವಾಣಿಯನ್ನು ಅಲ್ಲಿ ಕೇಳಲು ಯಾವ ಆ್ಯಪ್ ಸೂಕ್ತ?
— ಓದುಗರು, ಗದಗ

ಉತ್ತರ: ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಿಂದ ಆರಂಭಿಸಲಿ, ಆಕಾಶವಾಣಿಯ ಇನ್ನೂರಕ್ಕೂ ಹೆಚ್ಚು ಸ್ಟ್ರೀಮ್‌ಗಳು ಅಲ್ಲಿ ಉಚಿತವಾಗಿವೆ. ಭೂಗೋಳವನ್ನು ತಿರುಗಿಸುತ್ತಾ ಊರೂರಿನ ನಿಲಯ ಹುಡುಕುವ ರೇಡಿಯೋ ಗಾರ್ಡನ್ ಹೊಸ ನಿಲಯಗಳ ಪರಿಚಯಕ್ಕೆ ಚೆನ್ನಾಗಿದೆ, ಆದರೆ ದಿನವೂ ಒಂದೇ ನಿಲಯ ಕೇಳುವವರಿಗೆ ಅದರ ಅಗತ್ಯವಿಲ್ಲ. ಕಾರ್ಯಕ್ರಮಪಟ್ಟಿಯ ಸಮಯ ನಮ್ಮದು. ಮಸ್ಕತ್ ಒಂದೂವರೆ ಗಂಟೆ ಹಿಂದಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ತಿಳಿಸಿ.